ಲೊರೇನ್ ಮೇಡಂ ಚಿತ್ರಗಳ ಹಿಂಬದಿ

ಅಮೆರಿಕದವರಲ್ಲೂ ಕೈ ಬಿಗಿಹಿಡಿದು ಬದುಕುವವರು ಇರುತ್ತಾರೆ ಎಂಬುದನ್ನು ನಂಬಲು ಕ್ಯಾಮಿಲಸನಿಗೆ ಆರು ತಿಂಗಳು ಹಿಡಿಯಿತು. ಅದರಲ್ಲಿ ಅವನ ತಪ್ಪೇನೂ ಇಲ್ಲ. ದುಬೈಯ ಸತ್ವಾದ ಒಂದು ಗಲ್ಲಿಯಲ್ಲಿ, ಚಿತ್ರಗಳಿಗೆ ಕಟ್ಟು ಹಾಕುವ ಅಂಗಡಿಯಲ್ಲಿ ಹದಿನಾಲ್ಕು ವರ್ಷದಿಂದ ಸಂಬಳಕ್ಕೆ ಕೂತಿದ್ದ ಅವನು ಕಂಡ ಅಮೆರಿಕದವರೆಲ್ಲ ದೊಡ್ಡ ಕಾರಿನಲ್ಲಿ ಬಂದು, ಎಂಜಿನ್ ಆರಿಸದೆ, ಮಗನ ಡಿಗ್ರಿ ಸರ್ಟಿಫಿಕೇಟನ್ನೋ ಒಂಟೆಯ ಚಿತ್ರವನ್ನೋ ಕೊಟ್ಟು ಹೋಗುವವರು. ಲೊರೇನ್ ಟಾಲ್ಬಟ್ ಬಂದದ್ದು ನಡೆದುಕೊಂಡು. ಅದೂ ಎರಡು ಸಾವಿರದ ಹನ್ನೊಂದರ ಜೂನ್ ತಿಂಗಳಲ್ಲಿ, ಮಧ್ಯಾಹ್ನ ಎರಡು ಗಂಟೆಗೆ, ಗಲ್ಲಿಯ ಬೆಕ್ಕುಗಳೂ ಕಾರಿನಡಿ ಸೇರಿಕೊಂಡಿದ್ದ ಹೊತ್ತಿನಲ್ಲಿ. ಐವತ್ತು ದಾಟಿದ ಹೆಂಗಸು, ನರೆತ ಕೂದಲು, ಬೆವರಿಗೆ ಬೆನ್ನಿಗಂಟಿದ ಅಂಗಿ. ಬಂದವರು ಕೇಳಿದ್ದು ಕತ್ತರಿಸಿ ಮೂಲೆಗೆ ಎಸೆದಿದ್ದ ರಟ್ಟಿನ ಚೂರುಗಳನ್ನು.

"ಇದು ಯಾಕೆ ಮೇಡಂ?" ಎಂದು ಕ್ಯಾಮಿಲಸ್ ತನ್ನ ಅಂಗಡಿ ಇಂಗ್ಲಿಷಿನಲ್ಲಿ ಕೇಳಿದ.

"ಚಿತ್ರ ಬರೆಯಲಿಕ್ಕೆ" ಎಂದರು. ಒಂದು ಚೀಲ ತುಂಬ ಚೂರು ಕೊಟ್ಟ. ಅವರು ಥ್ಯಾಂಕ್ಸ್ ಹೇಳಿದ ರೀತಿ ನೋಡಿದರೆ ಚಿನ್ನದ ತಗಡು ಕೊಟ್ಟ ಹಾಗಿತ್ತು.

ಅವರು ಹೋದ ಕೂಡಲೇ, ವೀಸಾ ಫಾರಂ ತುಂಬಿಸಿಕೊಡುವ ಪಕ್ಕದ ಟೈಪಿಂಗ್ ಸೆಂಟರಿನ ಗುಣಪಾಲ ಬಂದು ಬಾಗಿಲಲ್ಲಿ ನಿಂತ. ಅವನದು ಕಾರ್ಕಳ, ಕ್ಯಾಮಿಲಸನದು ಶಿರ್ವ. ಊರಲ್ಲಾದರೆ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರೋ ಇಲ್ಲವೋ, ಇಲ್ಲಿ ಒಂದೇ ಗೋಡೆಯ ಆಚೆ ಈಚೆ ಕೂತು ಅಣ್ಣತಮ್ಮಂದಿರ ಹಾಗಾಗಿದ್ದರು. ಸತ್ವಾಕ್ಕೆ ಯಾರು ಬಂದರು, ಯಾರ ವೀಸಾ ಕ್ಯಾನ್ಸಲ್ ಆಯಿತು ಎಂಬುದೆಲ್ಲ ಗುಣಪಾಲನ ಬಾಯಲ್ಲೇ ಇರುತ್ತಿತ್ತು.

"ಹಿಂದಿನ ವಿಲ್ಲಾದಲ್ಲಿ ಒಂದು ರೂಮು ತಗೊಂಡಿದ್ದಾಳೆ ಮಾರಾಯ. ಅಮೆರಿಕದವಳು ಸತ್ವಾದಲ್ಲಿ ಶೇರಿಂಗಲ್ಲಿ ಇರುದು ಅಂದ್ರೆ ಎಂತ? ಒಂದೋ ಸಿಐಡಿ, ಇಲ್ಲಾಂದ್ರೆ ಗಂಡ ಬಿಟ್ಟವಳು."

ಎರಡನೆಯದು ನಿಜವಾಗಿತ್ತು. ಗುಣಪಾಲನ ಬಾಯಿಗೆ ಬೀಗವಿಲ್ಲದಿದ್ದರೂ ಅಂದಾಜು ತಪ್ಪುವುದು ಕಡಿಮೆ.

ಲೊರೇನ್ ಮೇಡಂ ತಮ್ಮ ಕತೆಯನ್ನು ಒಂದೇ ಸಲ ಹೇಳಿದವರಲ್ಲ. ರಟ್ಟಿನ ಚೂರಿಗೆ ಬಂದಾಗಲೆಲ್ಲ ಸ್ವಲ್ಪ ಸ್ವಲ್ಪ ಬಿಟ್ಟುಹೋಗುತ್ತಿದ್ದರು. ಕ್ಯಾಮಿಲಸ್ ಅದನ್ನು ಮೊಳೆ ಹೊಡೆಯುತ್ತಾ, ಗಾಜು ಕೊಯ್ಯುತ್ತಾ ಜೋಡಿಸಿಕೊಂಡ. ಓಹಾಯೋ ಎಂಬ ಸೀಮೆಯಲ್ಲಿ ಹೊಳೆ ದಂಡೆಯ ಸಣ್ಣ ಪೇಟೆ. ತಂದೆ ಅಂಗಡಿಗಳ ಗಾಜಿನ ಮೇಲೆ ಹೆಸರು ಬರೆಯುವವರು. ಅವರ ಏಣಿಯ ಕೆಳಗೆ ಕೂತು ಹುಡುಗಿ ಚಿತ್ರ ಕಲಿತಳು. ಮುಂದೆ ಕಲಾಶಾಲೆ, ಆಮೇಲೆ ನ್ಯೂಯಾರ್ಕು. ಅಲ್ಲಿ ಎರಡು ವರ್ಷ ಹಗಲು ಚಿತ್ರ, ಸಂಜೆ ಹೋಟೆಲಿನಲ್ಲಿ ತಟ್ಟೆ ತೊಳೆಯುವ ಕೆಲಸ. ಚಿತ್ರ ಯಾರಿಗೂ ಬೇಕಾಗಲಿಲ್ಲ, ತಟ್ಟೆ ಮಾತ್ರ ದಿನಾ ಬರುತ್ತಿತ್ತು. ಊರಿಗೆ ವಾಪಸಾಗಿ ಒಂದು ವಾರಪತ್ರಿಕೆಗೆ ಸೇರಿದರು. ವಾರಕ್ಕೊಬ್ಬರು: ಕ್ಷೌರದವನು, ಬಸ್ಸಿನ ಡ್ರೈವರು, ಗಂಡ ಸತ್ತ ಮುದುಕಿ. ಅವರ ಮುಖ ಬರೆದು, ಅವರು ಆಡಿದ ಮಾತನ್ನೂ ಬರೆದು ಕೊಡಬೇಕು. ಸಂಪಾದಕರು ಜಾಗವಿಲ್ಲ ಎಂದು ಒಂದು ವಾರ ಮುಖ ಮಾತ್ರ ಹಾಕುತ್ತಿದ್ದರು, ಇನ್ನೊಂದು ವಾರ ಮಾತು ಮಾತ್ರ. ಹನ್ನೊಂದು ವರ್ಷ ಹೀಗೇ ಹೋಯಿತು, ಕಡೆಗೆ ಪತ್ರಿಕೆಯೇ ಬಾಗಿಲು ಹಾಕಿತು.

ಗಂಡ ವಾಲ್ಟರ್ ಎಂಜಿನಿಯರು. ಎರಡು ಸಾವಿರದ ಎಂಟರಲ್ಲಿ ಅವನಿಗೆ ಅಬುಧಾಬಿಯ ಆಚೆ ರುವೈಸಿನಲ್ಲಿ ಕೆಲಸ ಸಿಕ್ಕಿತು. ಕಂಪನಿ ಮನೆ. ಎಲ್ಲ ಮನೆಗೂ ಒಂದೇ ಬಣ್ಣ, ಎಲ್ಲ ಮನೆಯ ಮುಂದೆಯೂ ಒಂದೇ ಎತ್ತರದ ಗಿಡ. ಬಂದ ತಿಂಗಳಲ್ಲೇ ಲೊರೇನ್ ಚಿತ್ರದ ಪುಸ್ತಕ ಹಿಡಿದು ರಸ್ತೆ ಬದಿ ಕೂತು ರಿಫೈನರಿಯ ಚಿಮಣಿಗಳನ್ನು ಬರೆಯತೊಡಗಿದ್ದರು. ಸೆಕ್ಯುರಿಟಿ ಜೀಪು ಬಂತು, ಬಹಳ ಮರ್ಯಾದೆಯಿಂದ ಪುಸ್ತಕ ತೆಗೆದುಕೊಂಡು ಹೋಯಿತು. ಮರುದಿನ ಗಂಡನನ್ನು ಮೇಲಿನವರು ಕರೆಸಿದರು. ಮನೆಗೆ ಬಂದ ಗಂಡ ಒಂದೇ ಮಾತು ಕೇಳಿದನಂತೆ: "ಸುಮ್ಮನಿರಲು ನಿನಗೇನು ಕಷ್ಟ?" ಆಮೇಲೆ ಎರಡು ವರ್ಷ ಅವರು ಮನೆಯೊಳಗಿನ ಪಾತ್ರೆ ಪಡಗಗಳನ್ನು ಬಿಟ್ಟು ಬೇರೇನನ್ನೂ ಬರೆಯಲಿಲ್ಲ. ಮೂರನೇ ವರ್ಷ ವಾಲ್ಟರ್ ಹ್ಯೂಸ್ಟನ್ನಿಗೆ ಹೋದ, ಇವರನ್ನು ಕರೆಯಲಿಲ್ಲ. ವಿಚ್ಛೇದನದ ಕಾಗದಪತ್ರ ಅಂಚೆಯಲ್ಲಿ ಬಂತು. ದುಬೈಯ ಒಂದು ಶಾಲೆಯಲ್ಲಿ ಡ್ರಾಯಿಂಗ್ ಟೀಚರ್ ಕೆಲಸ ಸಿಕ್ಕಿದ್ದರಿಂದ ವೀಸಾ ಉಳಿಯಿತು.

"ಊರಿಗೆ ಹೋಗಬಹುದಿತ್ತಲ್ಲ ಮೇಡಂ?" ಎಂದು ಕ್ಯಾಮಿಲಸ್ ಒಮ್ಮೆ ಕೇಳಿದ್ದ.

"ಯಾರ ಮನೆಗೆ?" ಎಂದು ಅವರು ತಿರುಗಿ ಕೇಳಿದರು. ಕ್ಯಾಮಿಲಸ್ ಚಹಾ ತರಿಸಿದ.

ಶುಕ್ರವಾರ ಬಂತೆಂದರೆ ಅವರು ಸತ್ವಾದ ಜನರನ್ನು ಹಿಡಿದು ಕೂರಿಸುತ್ತಿದ್ದರು. ಟೈಲರು, ಚಪ್ಪಲಿ ಹೊಲಿಯುವವನು, ಏಸಿ ರಿಪೇರಿಯ ಪಠಾಣ, ಬ್ಯಾಚುಲರುಗಳಿಗೆ ಊಟ ಕಟ್ಟಿಕೊಡುವ ಉಳ್ಳಾಲದ ನಫೀಸಮ್ಮ, ಸೀರೆಗೆ ಫಾಲ್ ಹಾಕುವ ಖದೀಜ. ಒಂದು ಗಂಟೆ ಕೂರಬೇಕು, ನಗಬಾರದು, ಅಷ್ಟೇ. ಬರೆಯುವಾಗ ಅವರು ಏನೂ ಕೇಳುತ್ತಿರಲಿಲ್ಲ. ಅಲ್ಲೇ ಇತ್ತು ಅವರ ಉಪಾಯ. ಸುಮ್ಮನೆ ಒಬ್ಬರು ನಮ್ಮನ್ನೇ ನೋಡುತ್ತಾ ಕೂತರೆ ಯಾರಿಗೆ ತಡೆಯುತ್ತದೆ? ಹದಿನೈದು ನಿಮಿಷ ಕಳೆಯುವಷ್ಟರಲ್ಲಿ ಎಂಥ ಗಟ್ಟಿ ಮನುಷ್ಯನೂ ತಾನಾಗಿ ಬಾಯಿ ಬಿಡುತ್ತಿದ್ದ. ಮೇಡಂ ತಲೆ ಎತ್ತದೆ ಪೆನ್ಸಿಲ್ ಆಡಿಸುತ್ತಿದ್ದರು. ಹನ್ನೆರಡನೇ ಇಸವಿಯ ಒಂದು ಶುಕ್ರವಾರ, ಊದ್ ಮೇಥಾದ ಇಗರ್ಜಿಯಲ್ಲಿ ಪೂಜೆ ಮುಗಿಸಿ ಬಂದ ಕ್ಯಾಮಿಲಸನೂ ಅಂಗಡಿಯ ಸ್ಟೂಲಿನ ಮೇಲೆ ಹಾಗೆ ಕೂತಿದ್ದ, ಹಾಗೇ ಬಾಯಿ ಬಿಟ್ಟಿದ್ದ. ತನ್ನ ಮುಖ ಅಷ್ಟು ವಯಸ್ಸಾದಂತೆ ಕಾಣುತ್ತದೆ ಎಂದು ಚಿತ್ರ ನೋಡಿದ ಮೇಲೆಯೇ ಅವನಿಗೆ ಗೊತ್ತಾದದ್ದು.

ವರ್ಷಗಳು ಹೋದವು. ಇಬ್ಬರ ನಡುವೆ ಇದ್ದದ್ದನ್ನು ಸ್ನೇಹ ಎನ್ನಲು ಕ್ಯಾಮಿಲಸನಿಗೆ ನಾಚಿಕೆ. ಆದರೆ ಅವರು ಒಂದು ವಾರ ಬರದಿದ್ದರೆ ಅಂಗಡಿಯಲ್ಲಿ ಕತ್ತರಿ ಎಲ್ಲಿಟ್ಟೆ ಎಂಬುದೇ ಅವನಿಗೆ ಮರೆಯುತ್ತಿತ್ತು. ಕೆಲಸದ ವಿಷಯದಲ್ಲಿ ಮಾತ್ರ ಇಬ್ಬರಿಗೂ ಜಗಳ. ಚಿತ್ರವನ್ನು ರಟ್ಟಿಗೆ ಅಂಟಿಸಬಾರದು, ಮೇಲಿನ ಅಂಚಿಗೆ ತೆಳು ಕಾಗದದ ಎರಡು ಪಟ್ಟಿ ಹಚ್ಚಿ ತೂಗುಬಿಡಬೇಕು, ಕಾಗದಕ್ಕೂ ಉಸಿರಾಡಲು ಜಾಗ ಬೇಕು ಎಂದು ಮೇಡಂ. ಹಾಗೆ ಬಿಟ್ಟರೆ ಇಲ್ಲಿನ ಸೆಕೆಗೆ ಕಾಗದ ಹಪ್ಪಳದ ಹಾಗೆ ಏಳುತ್ತದೆ, ಕಟ್ಟು ಹಾಕಿದವನ ಮಾನ ಹೋಗುತ್ತದೆ ಎಂದು ಕ್ಯಾಮಿಲಸ್. ಅವರೆದುರು ತಲೆಯಾಡಿಸಿ, ಅವರು ಹೋದ ಮೇಲೆ ಉಳಿದ ಗಿರಾಕಿಗಳ ಚಿತ್ರಗಳನ್ನೆಲ್ಲ ಚಕ್ಕಂತ ಅಂಟಿಸಿಬಿಡುತ್ತಿದ್ದ.

ಎರಡು ಸಾವಿರದ ಹದಿನೇಳರ ಏಪ್ರಿಲಿನಲ್ಲಿ ಶಾಲೆಯವರು ಮೇಡಮ್ಮಿಗೆ ಅರವತ್ತಾಯಿತೆಂದು ಕಾಂಟ್ರಾಕ್ಟ್ ಮುಂದುವರಿಸಲಿಲ್ಲ. ವೀಸಾ ಕ್ಯಾನ್ಸಲ್ ಆದರೆ ಮೂವತ್ತು ದಿನದೊಳಗೆ ದೇಶ ಬಿಡಬೇಕು. ಹೊರಡುವ ಮುಂಚೆ ಅವರಿಗೆ ಒಂದು ಆಸೆ ಇತ್ತು. ಸತ್ವಾದ ಚಿತ್ರಗಳನ್ನು ಇಲ್ಲಿನ ಜನರಿಗೆ ಒಮ್ಮೆ ತೋರಿಸಬೇಕು, ಆಮೇಲೆ ಊರಿಗೆ ಒಯ್ದು ಪುಸ್ತಕ ಮಾಡಬೇಕು. ಜೀವಮಾನದಲ್ಲಿ ಅವರ ಹೆಸರಿನ ಒಂದು ಪುಸ್ತಕವೂ ಬಂದಿರಲಿಲ್ಲ. ಶಿಷ್ಯೆಯೊಬ್ಬಳ ತಾಯಿ ಜುಮೇರಾದ ಕಡೆ ತನ್ನ ಕಾಫಿ ಅಂಗಡಿಯ ಹಿಂದಿನ ಕೋಣೆಯನ್ನು ಮೂರು ದಿನಕ್ಕೆ ಬಿಟ್ಟುಕೊಟ್ಟಳು. ಒಂದು ಮಂಗಳವಾರ ಮೇಡಂ ದಾರ ಕಟ್ಟಿದ ದೊಡ್ಡ ಫೈಲೊಂದನ್ನು ತಂದು ಕ್ಯಾಮಿಲಸನ ಮೇಜಿನ ಮೇಲಿಟ್ಟರು.

"ಇಪ್ಪತ್ತಾರು ಇವೆ. ಅಳತೆ ತೆಗೆದುಕೊಂಡು ಚೌಕಟ್ಟು ಮಾತ್ರ ಮಾಡಿಡಿ. ಶನಿವಾರ ಬರುತ್ತೇನೆ, ಚಿತ್ರ ಇಬ್ಬರೂ ಸೇರಿ ಕೂರಿಸೋಣ" ಎಂದರು. ಆ ವಾರವೆಲ್ಲ ಅವರಿಗೆ ಲೇಬರ್ ಆಫೀಸು, ಬ್ಯಾಂಕು, ಇಮಿಗ್ರೇಶನ್ ಎಂದು ಓಡಾಟ.

ಬುಧವಾರ ಬೆಳಿಗ್ಗೆ ಕ್ಯಾಮಿಲಸ್ ಫೈಲು ಬಿಚ್ಚಿದ. ಗುರುತಿನ ಮುಖಗಳು ಒಂದೊಂದಾಗಿ ಎದ್ದು ಬಂದವು. ನಫೀಸಮ್ಮನ ತುಟಿಯ ಮೇಲಿನ ಮಚ್ಚೆ, ಪಠಾಣನ ಅಗಲ ಕಿವಿ, ಕನ್ನಡಕವನ್ನು ಹಣೆಗೇರಿಸಿದ ಗುಣಪಾಲ, ಕೊನೆಗೆ ತಾನೇ. ಅಳತೆ ಹಿಡಿಯಲೆಂದು ಒಂದನ್ನು ಮಗುಚಿದರೆ ಹಿಂದೆ ಮೇಲಿಂದ ಕೆಳತನಕ ಪೆನ್ಸಿಲಿನ ಇಂಗ್ಲಿಷ್ ಬರಹ, ಇರುವೆ ಸಾಲಿನಷ್ಟು ಸಣ್ಣದು. ಇನ್ನೊಂದನ್ನು ಮಗುಚಿದ. ಅದರ ಹಿಂದೆಯೂ ಬರಹ. ಕೂಡಿಸಿ ಬರೆದ ಇಂಗ್ಲಿಷ್ ಓದಲು ಅವನಿಗೆ ಬಾರದು. ಆದರೆ ಏನು ನಡೆದಿದೆ ಎಂಬುದು ಗೊತ್ತಾಯಿತು ಎಂದುಕೊಂಡ, ಮನಸ್ಸಿಗೆ ಚುರುಕ್ಕೆಂದಿತು.

ಒಂದು ಬದಿ ಬಳಸಿದ ಕಾಗದವನ್ನು ಎಸೆಯುವುದು ಅವನ ಮನೆಯಲ್ಲಿ ಪಾಪದ ಕೆಲಸಕ್ಕೆ ಸಮ. ಶಿರ್ವದ ಶಾಲೆಯಲ್ಲಿ ಓದುವಾಗ ಹಳೆ ಪ್ರಶ್ನೆಪತ್ರಿಕೆಗಳ ಹಿಂಬದಿಯನ್ನು ತಾಯಿ ಹೊಲಿದು ಕೊಡುತ್ತಿದ್ದರು, ಲೆಕ್ಕದ ರಫ್ ಕೆಲಸವೆಲ್ಲ ಅದರಲ್ಲೇ. ಈಗಲೂ ಅಂಗಡಿಯಲ್ಲಿ ಅಳತೆ ಬರೆದಿಡುವುದು ಕ್ಯಾಲೆಂಡರಿನ ಹಿಂದೆ. ಮೇಡಮ್ಮಿಗೂ ಪಾಪ ಹೊಸ ಕಾಗದಕ್ಕೆ ಗತಿ ಇರಲಿಲ್ಲ, ಶಾಲೆಯಲ್ಲಿ ಬರೆದು ಮುಗಿದ ಹಾಳೆಗಳನ್ನು ತಂದು ಖಾಲಿ ಬದಿಯಲ್ಲಿ ಚಿತ್ರ ಮಾಡಿದ್ದಾರೆ ಎಂದು ಅವನು ತಿಳಿದ. ಜುಮೇರಾದ ಶ್ರೀಮಂತರು ಬಂದು ನೋಡುವಾಗ ಹಿಂದಿನ ಗೀಚು ಮುಂದಕ್ಕೆ ಕಂಡರೆ? ಯಾರಾದರೂ ತಿರುಗಿಸಿ ನೋಡಿ ನಕ್ಕರೆ? ಅವನಿಗೆ ಸ್ವಂತ ಅಕ್ಕನನ್ನು ಯಾರೋ ಆಡಿಕೊಂಡಷ್ಟು ಸಂಕಟವಾಯಿತು. ಅಷ್ಟಕ್ಕೂ ಅವನ ಕಸುಬಿನಲ್ಲಿ ಚಿತ್ರಕ್ಕೆ ಇರುವುದು ಒಂದೇ ಮುಖ, ಹಿಂಬದಿ ಗೋಡೆಯ ಪಾಲು.

ಶನಿವಾರದ ತನಕ ಕಾಯುವ ತಾಳ್ಮೆ ಅವನಿಗಿರಲಿಲ್ಲ. ಮೇಡಂ ಬಂದು ನೋಡುವಾಗ ಎಲ್ಲ ಮುಗಿದು ಕನ್ನಡಿಯ ಹಾಗೆ ಹೊಳೆಯುತ್ತಿರಬೇಕು, ಅವರ ಗುಟ್ಟೂ ಮುಚ್ಚಿಹೋಗಿರಬೇಕು. ಬುಧವಾರ, ಗುರುವಾರ ಬೇರೆ ಕೆಲಸ ಮುಟ್ಟಲಿಲ್ಲ. ಮಾಮೂಲಿ ಮೈದಾದ ಅಂಟು ಬೇಡವೆಂದು, ದೊಡ್ಡ ಗಿರಾಕಿಗಳಿಗೆಂದು ಇಟ್ಟಿದ್ದ ಗಟ್ಟಿ ಬಿಳಿ ಗೋಂದನ್ನು ತೆಗೆದ. ಹಾಳೆಯ ಹಿಂಬದಿಗೆ ಹದವಾಗಿ ಸವರಿ, ರಟ್ಟಿಗೆ ಅಂಟಿಸಿ, ಒಂದು ಗುಳ್ಳೆ ಏಳದ ಹಾಗೆ ರೋಲರ್ ಉರುಳಿಸಿ, ಮೇಲೆ ಗಾಜಿನ ಭಾರ ಹೇರಿ ಒಣಗಿಸಿದ. ಗುರುವಾರ ಅಂಗಡಿ ಮುಚ್ಚುವಾಗ ತನ್ನದೂ ಸೇರಿ ಹದಿನೇಳು ಆಗಿದ್ದವು. ಇಷ್ಟು ಚೊಕ್ಕ ಕೆಲಸವನ್ನು ಅವನು ಹಿಂದೆ ಮಾಡಿದ್ದಿಲ್ಲ.

ಶುಕ್ರವಾರ ಮಧ್ಯಾಹ್ನ ಗುಣಪಾಲ ತನ್ನ ಚಿತ್ರ ನೋಡಲು ಬಂದ. ಅದು ಉಳಿದ ಒಂಬತ್ತರಲ್ಲಿತ್ತು. ಮುಂದೆ ನೋಡಿ "ಹೊಟ್ಟೆ ಸ್ವಲ್ಪ ಕಮ್ಮಿ ಮಾಡ್ಬಹುದಿತ್ತು" ಎಂದು ನಕ್ಕ. ಹಿಂದೆ ತಿರುಗಿಸಿದ. ದಿನವಿಡೀ ಬೇರೆಯವರ ಕೈಬರಹ ನೋಡಿ ಟೈಪ್ ಮಾಡುವವನಿಗೆ ಯಾವ ಅಕ್ಷರವೂ ಕಷ್ಟವಲ್ಲ. ಎರಡು ಸಾಲು ಓದಿದ, ನಗು ನಿಂತಿತು. ಪೂರ್ತಿ ಓದಿ ಸ್ಟೂಲಿನ ಮೇಲೆ ಕೂತ.

"ಇದು ನನ್ನ ವಿಷಯ ಮಾರಾಯ."

"ಎಂತ ನಿನ್ನ ವಿಷಯ?"

"ನಾನು ಮೇಡಂ ಹತ್ರ ಹೇಳಿದ್ದು. ಕೇಳು." ಅವನು ನಿಧಾನವಾಗಿ ಬಿಡಿಸಿ ಹೇಳಿದ: "'ಇಪ್ಪತ್ತು ವರ್ಷದಿಂದ ಬೇರೆಯವರ ಹೆಂಡತಿ ಮಕ್ಕಳನ್ನು ದುಬೈಗೆ ಕರೆಸುವ ಫಾರಂ ನಾನು ತುಂಬಿಸುತ್ತಿದ್ದೇನೆ. ನನ್ನ ಸಂಬಳಕ್ಕೆ ಆ ಫಾರಂ ಸಿಗುವುದಿಲ್ಲ. ಒಂದು ದಿನ ಸುಮ್ಮನೆ ನನ್ನ ಹೆಂಡತಿಯ ಹೆಸರು ಹಾಕಿ ಒಂದು ಟೈಪ್ ಮಾಡಿದೆ. ಚೆನ್ನಾಗಿ ಕಂಡಿತು. ಆಮೇಲೆ ಅಳಿಸಿದೆ.'" ಗುಣಪಾಲ ಕನ್ನಡಕ ಒರೆಸಿದ. "ಒಂದಕ್ಷರ ಹೆಚ್ಚು ಕಮ್ಮಿ ಇಲ್ಲ. ಮನೆಗೆ ಹೋಗಿ ನೆನಪಿಟ್ಟು ಬರೆದಿದ್ದಾರೆ ನೋಡು."

ಕ್ಯಾಮಿಲಸ್ ಉಳಿದ ಎಂಟನ್ನೂ ಮಗುಚಿ ಗುಣಪಾಲನ ಎದುರು ಹಿಡಿದ. ಪ್ರತಿಯೊಂದರ ಹಿಂದೆಯೂ ಅದೇ, ಮುಂದಿನ ಮುಖ ಆಡಿದ ಮಾತು. ಗೋಡೆಗೆ ಒರಗಿಸಿದ್ದ ಹದಿನೇಳು ಚೌಕಟ್ಟುಗಳ ಕಡೆ ಇಬ್ಬರೂ ನೋಡಿದರು.

"ಅಂಟಿಸಿದ್ದಾ?" ಎಂದ ಗುಣಪಾಲ. "ಎಂತ ಮಾಡಿದೆ ಮಾರಾಯ ನೀನು?"

ಪಠಾಣನ ಚಿತ್ರವನ್ನು ಹೊರತೆಗೆದು ಒದ್ದೆ ಬಟ್ಟೆ ಒತ್ತಿ, ತೆಳು ಚಾಕು ಹಾಕಿ ಮೂಲೆ ಎಬ್ಬಿಸಲು ನೋಡಿದರು. ಮೈದಾ ಆಗಿದ್ದರೆ ನೀರಿಗೆ ಬಿಟ್ಟುಕೊಡುತ್ತಿತ್ತು. ಈ ಗೋಂದು ಬಿಡಲಿಲ್ಲ, ಬದಲಿಗೆ ಪಠಾಣನ ಒಂದು ಕಿವಿ ಕಿತ್ತುಬಂತು. ಕ್ಯಾಮಿಲಸ್ ಚಾಕು ಕೆಳಗಿಟ್ಟ.

"ಹೇಳ್ಲಿಕ್ಕೆ ಹೋಗ್ಬೇಡ" ಎಂದ ಗುಣಪಾಲ. "ಗ್ಲಾಸು ಹಾಕಿ ಪ್ಯಾಕ್ ಮಾಡಿ ಕೊಡು. ಅಮೆರಿಕಕ್ಕೆ ಹೋಗಿ ಬಿಚ್ಚುವಾಗ ಗೊತ್ತಾಗ್ತದೆ. ಅಷ್ಟೊತ್ತಿಗೆ ನೀನೆಲ್ಲಿ, ಅವರೆಲ್ಲಿ. ಖಲಾಸ್."

ಆ ಸಲಹೆ ಕ್ಯಾಮಿಲಸನಿಗೆ ಹಿಡಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಶನಿವಾರ ಬೆಳಿಗ್ಗೆ ಮೇಡಂ ಗಲ್ಲಿಯ ತುದಿಯಲ್ಲಿ ಕಾಣಿಸುವ ತನಕ ಹಾಗೇ ಮಾಡುವುದೆಂದು ಗಟ್ಟಿ ಮಾಡಿಕೊಂಡಿದ್ದ. ಅವರು ಕೈಯಲ್ಲಿ ಎರಡು ಕಪ್ ಚಹಾ ಹಿಡಿದುಕೊಂಡು, ಚೆಲ್ಲದ ಹಾಗೆ ಪುಟ್ಟ ಪುಟ್ಟ ಹೆಜ್ಜೆ ಇಡುತ್ತಾ ಬರುತ್ತಿದ್ದರು. ಅದನ್ನು ನೋಡಿದವನಿಗೆ ತಡೆಯಲಾಗಲಿಲ್ಲ. ಅವರು ಕಪ್ ಇಡುವ ಮೊದಲೇ ಎಲ್ಲ ಹೇಳಿಬಿಟ್ಟ.

ಲೊರೇನ್ ಕೂಗಾಡಲಿಲ್ಲ. ಒಂದೊಂದೇ ಚೌಕಟ್ಟನ್ನು ಎತ್ತಿ ಹಿಂದೆ ನೋಡಿದರು. ರಟ್ಟನ್ನು ಬೆರಳಲ್ಲಿ ತಟ್ಟಿದರು. ಕೊನೆಯದನ್ನು ಕೆಳಗಿಟ್ಟು ಹೇಳಿದರು: "ಮುಖ ಒಂದು ಕಡೆ ಮಾತು ಒಂದು ಕಡೆ ಆಗಬಾರದೆಂದು ಒಂದೇ ಹಾಳೆಯಲ್ಲಿ ಬರೆದೆ. ಯಾರೂ ಬೇರೆ ಮಾಡದ ಹಾಗೆ. ನಕಲು ಕೂಡ ಇಟ್ಟುಕೊಳ್ಳಲಿಲ್ಲ. ಎರಡೂ ಬದಿಗೆ ಗಾಜು ಹಾಕಿ ಕೋಣೆಯ ನಡುವೆ ತೂಗುಹಾಕೋಣ, ಜನ ಸುತ್ತು ಬಂದು ಓದಲಿ ಅಂತ ಇವತ್ತು ನಿಮಗೆ ಹೇಳಬೇಕೆಂದಿದ್ದೆ." ಆಮೇಲೆ ಕೇಳಿದರು: "ಯಾಕೆ ಅಂಟಿಸಿದಿರಿ ಕ್ಯಾಮಿಲಸ್? ನಾನು ಬರುತ್ತೇನೆ ಅಂದಿದ್ದೆನಲ್ಲ?"

ಕಾಗದ ಏಳಬಾರದೆಂದು ಅಂಟಿಸಿದೆ ಎಂದು ಹೇಳಿ ಪಾರಾಗಬಹುದಿತ್ತು. ಅವನು ನಿಜವನ್ನೇ ಹೇಳಿದ. "ನೀವು ಹಳೇ ಪೇಪರಿನ ಹಿಂದೆ ಚಿತ್ರ ಮಾಡಿದ್ದು ಅಂತ ಗ್ರಹಿಸಿದೆ ಮೇಡಂ. ಜನ ನೋಡಿದರೆ ನಿಮಗೆ ಅವಮಾನ ಅಂತ."

ಆ ಮಾತು ಅವರನ್ನು ಗೋಂದಿಗಿಂತ ಹೆಚ್ಚು ನೋಯಿಸಿತು. ಅವರು ಸ್ಟೂಲಿನ ಮೇಲೆ ಕೂತುಬಿಟ್ಟರು. ಕಣ್ಣಲ್ಲಿ ನೀರು ಬಂತು.

"ಆರು ವರ್ಷ ನೀವು ನನ್ನನ್ನು ಪಾಪ ಅಂದುಕೊಂಡಿದ್ದಿರಾ? ನಾನು ಈ ಊರಲ್ಲಿ ಒಬ್ಬರಾದರೂ ನನ್ನನ್ನು ಕಲಾವಿದೆ ಅಂತ ನೋಡುತ್ತಾರೆ, ಅದು ನೀವು ಅಂತ ತಿಳಿದುಕೊಂಡಿದ್ದೆ."

ಕ್ಯಾಮಿಲಸನಿಗೆ ಬೈಸಿಕೊಂಡಿದ್ದರೆ ಹಗುರವಾಗುತ್ತಿತ್ತು. ಚಹಾ ಅಲ್ಲೇ ಆರಿತು.

ಉಳಿದ ದಿನಗಳಲ್ಲಿ ಲೊರೇನ್ ಹೊಸ ಹಾಳೆಗಳನ್ನು ಹಿಡಿದು, ಹದಿನೇಳು ಮಂದಿಯನ್ನು ಹುಡುಕಿ ಮತ್ತೆ ಕೇಳಲು ಹೊರಟರು. ಆದರೆ ಸತ್ವಾದಲ್ಲಿ ಜನ ಎಷ್ಟು ದಿನ ನಿಲ್ಲುತ್ತಾರೆ? ಟೈಲರಿನ ಅಂಗಡಿ ಇದ್ದ ಜಾಗದಲ್ಲಿ ಮೊಬೈಲ್ ಅಂಗಡಿ ಇತ್ತು. ನಫೀಸಮ್ಮ ಉಳ್ಳಾಲಕ್ಕೆ ಹೋಗಿ ವರ್ಷವಾಗಿತ್ತು, ಅವರ ನಂಬರು ಯಾರಲ್ಲೂ ಇರಲಿಲ್ಲ. ಪಠಾಣ ಎಲ್ಲಿ ಎಂದು ಕೇಳಿದರೆ ಅವನ ರೂಮಿನವರು ಕೈ ಮೇಲೆ ಮಾಡಿ "ಮಾಫಿ", ಇಲ್ಲ, ಎಂದರು. ಖದೀಜ ಶಾರ್ಜಾದಲ್ಲಿ ಸಿಕ್ಕಿದಳು, ಮೊದಲು ಹೇಳಿದ್ದನ್ನು ಬಿಟ್ಟು ಬೇರೆಯೇ ಕತೆ ಹೇಳಿದಳು. ಮೇಡಂ ದಿನಾ ಸಂಜೆ ಬಿಸಿಲಿಗೆ ಕೆಂಪಾದ ಮುಖ ಹೊತ್ತು ಅಂಗಡಿಯ ಮುಂದೆ ಹಾದುಹೋಗುತ್ತಿದ್ದರು. ಒಳಗೆ ಬರುತ್ತಿರಲಿಲ್ಲ. ಕ್ಯಾಮಿಲಸ್ ಒಳಗಿಂದ ನೋಡುತ್ತಿದ್ದ.

ಪ್ರದರ್ಶನ ನಡೆಯಿತು. ಮೂರು ದಿನದಲ್ಲಿ ಹೆಚ್ಚೆಂದರೆ ಮೂವತ್ತು ಮಂದಿ ಬಂದಿರಬಹುದು, ಅದರಲ್ಲಿ ಅರ್ಧ ಕಾಫಿಗೆ ಬಂದು ದಾರಿ ತಪ್ಪಿದವರು. ಕ್ಯಾಮಿಲಸ್, ಗುಣಪಾಲ ಇಬ್ಬರೂ ಇಸ್ತ್ರಿ ಅಂಗಿ ಹಾಕಿ ಹೋಗಿದ್ದರು. ಒಂಬತ್ತು ಚಿತ್ರಗಳು ನಡುವೆ ತೂಗುತ್ತಿದ್ದವು, ಜನ ಸುತ್ತು ಬಂದು ಓದುತ್ತಿದ್ದರು. ಹದಿನೇಳು ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದವು. ಒಬ್ಬಳು ಹೆಂಗಸು ಕ್ಯಾಮಿಲಸನ ಚಿತ್ರದ ಎದುರು ನಿಂತು, ಪಕ್ಕದಲ್ಲಿರುವವನು ಅವನೇ ಎಂದು ತಿಳಿಯದೆ, "ಫ್ರೇಮಿಂಗ್ ಎಷ್ಟು ಚೆನ್ನಾಗಿದೆ" ಎಂದಳು. ಇಪ್ಪತ್ತು ವರ್ಷದ ಕಸುಬಿನಲ್ಲಿ ನಾಲ್ಕು ಜನರ ಎದುರು ಸಿಕ್ಕಿದ ಮೊದಲ ಹೊಗಳಿಕೆ ಅದು. ಅವನು ಹೊರಗೆ ಹೋಗಿ ನಿಂತ.

ಹೊರಡುವ ಹಿಂದಿನ ದಿನ ಮಧ್ಯಾಹ್ನ ಲೊರೇನ್ ಅಂಗಡಿಗೆ ಬಂದರು. ಸ್ಟೂಲನ್ನು ಅವನ ಕಡೆ ತಳ್ಳಿ, ತಾವು ಗಾಜಿನ ಪೆಟ್ಟಿಗೆಯ ಮೇಲೆ ಕೂತರು. ಮಡಿಲಲ್ಲಿ ಬಿಳಿ ಹಾಳೆ.

"ಇನ್ನು ನೀವೊಬ್ಬರೇ ಉಳಿದದ್ದು. ಅವತ್ತು ಹೇಳಿದ್ದನ್ನು ಇನ್ನೊಮ್ಮೆ ಹೇಳಿ."

ಹೇಳಿದ್ದೇನು ಎಂಬುದು ಕ್ಯಾಮಿಲಸನಿಗೆ ಚೆನ್ನಾಗಿ ನೆನಪಿತ್ತು. ಎರಡು ವರ್ಷಕ್ಕೊಮ್ಮೆ ಶಿರ್ವಕ್ಕೆ ಹೋದಾಗ ತಾನು ಮನೆಯ ಚಾವಡಿಯಲ್ಲಿ, ಬಂದವರು ಕೂರುವ ಕುರ್ಚಿಯಲ್ಲಿ ಕೂರುತ್ತೇನೆ ಎಂದಿದ್ದ. ಅಲ್ಲಿ ಕೂರು ಎಂದು ಯಾರೂ ಹೇಳಿದ್ದಲ್ಲ, ಕಾಲು ತಾನಾಗಿ ಅಲ್ಲಿಗೆ ಹೋಗುತ್ತದೆ. ಹೆಂಡತಿ ಲೂರ್ದ್ ಒಳ್ಳೆಯ ಪಿಂಗಾಣಿ ತಟ್ಟೆ ತೆಗೆದು ಬಡಿಸುತ್ತಾಳೆ. ಮಗಳು ಮೆಲಿಸ್ಸಾ ತಾಯಿಯ ಕಿವಿಯಲ್ಲಿ ಕೇಳಿ ಆಮೇಲೆ ಅಪ್ಪನ ಹತ್ತಿರ ಮಾತಾಡುತ್ತಾಳೆ. ಮೂರನೇ ವಾರಕ್ಕೆ ಸತ್ವಾದ ರೂಮಿನ ಮಂಚ ನೆನಪಾಗುತ್ತದೆ. ಸತ್ವಾಕ್ಕೆ ಬಂದ ಮರುದಿನ ಮನೆ ನೆನಪಾಗಿ ಅಳು ಬರುತ್ತದೆ. "ನನಗೆ ಎರಡು ಕಡೆಯೂ ರಜೆಯೇ ಮೇಡಂ" ಎಂದಿದ್ದ. ಲೂರ್ದಳಿಗೆ, ಪಾದ್ರಿಗಳಿಗೆ, ಗುಣಪಾಲನಿಗೆ, ಯಾರಿಗೂ ಹೇಳದ ಮಾತು ಅದು. ಈ ಹೆಂಗಸು ತನ್ನ ಕಡೆಯವರಲ್ಲ, ಇವರ ಕಿವಿಗೆ ಬಿದ್ದದ್ದು ಶಿರ್ವಕ್ಕೆ ಹೋಗುವುದಿಲ್ಲ ಎಂಬ ಧೈರ್ಯಕ್ಕೆ ಹೇಳಿದ್ದ.

ಐದು ವರ್ಷದಲ್ಲಿ ಅದು ಸುಳ್ಳಾಗಿರಲಿಲ್ಲ, ಇನ್ನಷ್ಟು ನಿಜವಾಗಿತ್ತು. ಹೇಳಲು ಬಾಯಿ ತೆರೆದ. ಎದುರಿಗೆ ಕೂತವರು ತಾನು ಕನಿಕರಪಟ್ಟು ನೋಯಿಸಿದ ಹೆಂಗಸು. ಅವರ ಕಣ್ಣಲ್ಲೂ ಈಗ ತನ್ನ ಬಗ್ಗೆ ಅದೇ ಕನಿಕರ ಬಂದರೆ?

"ಎಲ್ಲ ಚೆನ್ನಾಗುಂಟು ಮೇಡಂ" ಎಂದ. "ಮನೆ ಹೊಸದಾಗಿ ಕಟ್ಟಿಸಿದೆ. ಮಗಳು ನರ್ಸಿಂಗ್ ಮಾಡ್ತಿದ್ದಾಳೆ. ಇನ್ನೆಂತ ಬೇಕು?"

ಅವರು ಎಂದಿನಂತೆ ಏನೂ ಕೇಳದೆ ಕಾದರು. ಹತ್ತು ನಿಮಿಷ, ಹದಿನೈದು ನಿಮಿಷ. ಕ್ಯಾಮಿಲಸ್ ಗಾಜು ಒರೆಸುವ ಬಟ್ಟೆಯನ್ನು ಮಡಚಿದ, ಬಿಚ್ಚಿದ, ಮಡಚಿದ. ಕಡೆಗೆ ಅವರು ಅವನು ಹೇಳಿದಷ್ಟನ್ನು ಬರೆದುಕೊಂಡು ಎದ್ದರು. ಬಾಗಿಲಲ್ಲಿ ಅವನ ಕೈ ಹಿಡಿದು, "ಚೌಕಟ್ಟು ಚೆನ್ನಾಗಿ ಮಾಡಿದ್ದೀರಿ" ಎಂದರು. ಅದರಲ್ಲಿ ಕೊಂಕಿರಲಿಲ್ಲ. ಮರುದಿನ ಅವರ ರೂಮಿಗೆ ಬೇರೆ ಯಾರೋ ಬಂದರು.

ಆಮೇಲಿನ ಎರಡು ವರ್ಷ ಸುದ್ದಿ ಇಲ್ಲ. ಶುಕ್ರವಾರ ಪೂಜೆ ಮುಗಿಸಿ ಬಂದು ಅಂಗಡಿ ತೆರೆಯುವ ತನಕದ ಹೊತ್ತನ್ನು ಏನು ಮಾಡುವುದೆಂದು ಕ್ಯಾಮಿಲಸನಿಗೆ ತಿಳಿಯುತ್ತಿರಲಿಲ್ಲ. ರಟ್ಟಿನ ಚೂರು ಎಸೆಯಲು ಮನಸ್ಸು ಬಾರದೆ ಒಂದು ಮೂಲೆ ತುಂಬಿತು, ಮಾಲೀಕ ಬೈದ ಮೇಲೆ ಎಸೆದ. ಎರಡು ಸಾವಿರದ ಹತ್ತೊಂಬತ್ತರ ಅಕ್ಟೋಬರಿನಲ್ಲಿ ಅಂಗಡಿಯ ವಿಳಾಸಕ್ಕೆ ಒಂದು ಪೊಟ್ಟಣ ಬಂತು. ಒಳಗೆ ಪುಸ್ತಕ. ರಟ್ಟಿನ ಮೇಲೆ ಲೊರೇನ್ ಟಾಲ್ಬಟ್ ಎಂಬ ಹೆಸರು. ಅವರ ಊರಿನ ಸಣ್ಣ ಮುದ್ರಣಾಲಯವೊಂದು ಅಚ್ಚು ಹಾಕಿದ್ದು.

ಗುಣಪಾಲ ಬಂದು ಪುಟ ತಿರುಗಿಸಿದ. ಬಲಗಡೆ ಮುಖ, ಎಡಗಡೆ ಮಾತು. ಅವನ ಫಾರಮ್ಮಿನ ಕತೆ ಇತ್ತು. ಖದೀಜ ಎರಡನೇ ಸಲ ಹೇಳಿದ್ದೂ ಇತ್ತು. ಕಾಣೆಯಾದವರ ಎಡಗಡೆ ಖಾಲಿ, ಒಂದು ಕಿವಿಯ ಪಠಾಣನ ಎಡಗಡೆಯೂ ಖಾಲಿ. ಕೊನೆಯ ಚಿತ್ರ ಕ್ಯಾಮಿಲಸನದು.

"ನಿನ್ನದು ಎಂತ ಮಾರಾಯ ಖಾಲಿ? ನೀನು ಇಲ್ಲೇ ಇದ್ದಿಯಲ್ಲ? ಹೋಗುವ ಮೊದಲು ಬರ್ಕೊಂಡು ಹೋಗಿದ್ದಾರಲ್ಲ?"

"ಹೌದು" ಎಂದ ಕ್ಯಾಮಿಲಸ್. "ಹಾಕ್ಲಿಲ್ಲ."

ಎಲ್ಲ ಚೆನ್ನಾಗುಂಟು ಎಂದದ್ದನ್ನು ಮೇಡಂ ನಂಬಿರಲಿಲ್ಲ. ಸುಳ್ಳನ್ನು ಅಚ್ಚು ಹಾಕುವ ಬದಲು ಜಾಗ ಬಿಟ್ಟಿದ್ದರು. ಪ್ರಪಂಚದಲ್ಲಿ ತನ್ನ ಮಾತನ್ನು ಅಷ್ಟು ಗಮನವಿಟ್ಟು ಕೇಳಿದವರು ಅವರೊಬ್ಬರೇ, ಅವರು ಬರೆದಿಟ್ಟದ್ದನ್ನು ಗೋಂದು ಹಚ್ಚಿ ಮುಚ್ಚಿದವನು ತಾನೇ, ಇನ್ನೊಮ್ಮೆ ಕೇಳಿದಾಗ ಬಾಯಿ ಮುಚ್ಚಿದವನೂ ತಾನೇ ಎಂದು ಕ್ಯಾಮಿಲಸನಿಗೆ ಅನಿಸಿತು. ಗುಣಪಾಲ ಗಿರಾಕಿ ಬಂದರೆಂದು ಎದ್ದು ಹೋದ.

ಡಿಸೆಂಬರಿಗೆ ರಜೆ ಸಿಕ್ಕಿತ್ತು, ಕ್ರಿಸ್ಮಸ್ಸಿಗೆ ಊರಿಗೆ ಟಿಕೆಟು ಆಗಿತ್ತು. ಕ್ಯಾಮಿಲಸ್ ಅಳತೆ ಬರೆಯುವ ಪೆನ್ಸಿಲನ್ನು ಕಿವಿಯ ಮೇಲಿಂದ ತೆಗೆದ. ಪುಸ್ತಕವನ್ನು ಕೆಲಸದ ಮೇಜಿನ ಮೇಲೆ ಬಿಡಿಸಿಟ್ಟು, ಖಾಲಿ ಪುಟವನ್ನು ಅಂಗೈಯಿಂದ ಸವರಿದ. ಮದುವೆಯಾದ ಹೊಸದರಲ್ಲಿ ಕಾಗದ ಬರೆಯುತ್ತಿದ್ದ ಹಾಗೆ, ಕನ್ನಡ ಅಕ್ಷರದಲ್ಲಿ ಕೊಂಕಣಿ. ಮೊದಲ ಶಬ್ದ 'ಲೂರ್ದ್' ಎಂದು ಬರೆದ. ಎರಡನೆಯ ಸಾಲು ಚಾವಡಿಯ ಕುರ್ಚಿಯದು. ಆಮೇಲೆ ಮುಂದುವರಿಸಿದ, ಪುಟ ತುಂಬುವ ತನಕ ನಿಲ್ಲಿಸಲಿಲ್ಲ.